ನೌಕಾವಿಕಾಸದಲ್ಲಿ ಚೆಕ್-ಇನ್ ಕೌಂಟರಿನ ಪಾತ್ರ: ಒಂದು ಶಾಸ್ತ್ರೀಯ ವಿವೇಚನೆ

ದೋಣಿಯ ಆಕಾರವನ್ನು ನೀರು ನಿರ್ಧರಿಸುತ್ತದೆ ಎಂಬುದು ವಿದ್ವಾಂಸರೂ ಅಂಬಿಗರೂ ಸಮಾನವಾಗಿ ನಂಬಿಕೊಂಡು ಬಂದಿರುವ ಮಾತು. ಹೊಳೆಯ ಸೆಳವಿಗೂ ಕಡಲಿನ ಅಲೆಗೂ ಒಗ್ಗಿಕೊಳ್ಳುತ್ತ ಕಯಾಕ್, ಕನೂ ಮೊದಲಾದವು ಇಂದಿನ ರೂಪ ತಾಳಿದವಂತೆ. ಆದರೆ ನೀರಿನಲ್ಲಿ ಇರುವಷ್ಟು ಹೊತ್ತು ದೋಣಿಗೆ ಅಂಥ ಕಷ್ಟವೇನೂ ಇಲ್ಲ, ತೇಲಿಕೊಂಡಿದ್ದರಾಯಿತು. ಅದರ ಜೀವನ್ಮರಣದ ಪ್ರಶ್ನೆ ಏಳುವುದು ನೆಲದ ಮೇಲೆ, ಅದನ್ನು ಇನ್ನೊಂದು ವಾಹನಕ್ಕೆ ಹೇರಬೇಕಾದಾಗ. ಆದ್ದರಿಂದ ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟೇ: ದೋಣಿಯನ್ನು ತಿದ್ದಿದ್ದು ನೀರಲ್ಲ, ಲಗೇಜಿನ ನಿಯಮ.

ಇದಕ್ಕೆ ಬಹಳ ಹಳೆಯ ಪ್ರಮಾಣ ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್‌ನಲ್ಲಿದೆ. ಅರ್ಮೇನಿಯದ ಕಡೆಯ ವ್ಯಾಪಾರಿಗಳು ಕಡ್ಡಿಯ ಚೌಕಟ್ಟಿಗೆ ಚರ್ಮ ಹೊದಿಸಿದ ದುಂಡು ದೋಣಿಯಲ್ಲಿ ಸರಕು ತುಂಬಿ, ಜೊತೆಗೊಂದು ಕತ್ತೆಯನ್ನೂ ಹತ್ತಿಸಿಕೊಂಡು ಹೊಳೆಗುಂಟ ಬ್ಯಾಬಿಲೋನಿಗೆ ಇಳಿಯುತ್ತಿದ್ದರು. ಸೆಳವಿಗೆದುರಾಗಿ ಹಿಂದಿರುಗುವುದು ಆಗದ ಮಾತು. ಆದ್ದರಿಂದ ಸರಕು ಮಾರಿ, ಚೌಕಟ್ಟನ್ನೂ ಮಾರಿ, ಚರ್ಮವನ್ನು ಕತ್ತೆಯ ಬೆನ್ನಿಗೇರಿಸಿ ಊರಿಗೆ ನಡೆಯುತ್ತಿದ್ದರು. ಬಂಡಿಯ ಮೇಲೆ ದೋಣಿ, ದೋಣಿಯ ಮೇಲೆ ಬಂಡಿ ಎನ್ನುವ ಗಾದೆಗೆ ಇದು ಕತ್ತೆಯ ಪಾಠಾಂತರ. ಆ ದೋಣಿಗೆ ಮರದ ಹಲಗೆಯ ಬದಲು ಚರ್ಮವೇ ಏಕೆ? ಹಲಗೆಯನ್ನು ಕತ್ತೆ ಒಪ್ಪುತ್ತಿರಲಿಲ್ಲ. ಕತ್ತೆಯೇ ಆ ಕಾಲದ ಚೆಕ್-ಇನ್ ಕೌಂಟರ್. ಮುಂದೆ ಆ ಪದವಿಗೆ ರೈಲು ಬಂತು. ಮ್ಯೂನಿಕ್‌ನ ವಾಸ್ತುಶಿಲ್ಪ ವಿದ್ಯಾರ್ಥಿ ಆಲ್‌ಫ್ರೆಡ್ ಹೊಯ್ರಿಷ್ 1905ರಲ್ಲಿ ರೈಲಿನಲ್ಲಿ ಒಯ್ಯಬಹುದಾದ ಮಡಚುವ ಕಯಾಕ್ ಕಟ್ಟಿದ. 1907ರಲ್ಲಿ ಅದರ ಹಕ್ಕನ್ನು ಕೊಂಡವನು ರೋಸೆನ್‌ಹೈಮ್ ಊರಿನ ಯೋಹಾನ್ ಕ್ಲೆಪ್ಪರ್. ಈತ ನಾವಿಕನೂ ಅಲ್ಲ, ಬಡಗಿಯೂ ಅಲ್ಲ, ದರ್ಜಿ. ದೋಣಿಯ ಭವಿಷ್ಯ ಅಳತೆ ಟೇಪು ಹಿಡಿದವನ ಕೈಗೆ ಬಿದ್ದದ್ದನ್ನು ಆಕಸ್ಮಿಕ ಎನ್ನುವವರೊಡನೆ ವಾದಿಸಿ ಫಲವಿಲ್ಲ. ಚೀಲದಲ್ಲಿ ಹಿಡಿಸುವ ದೋಣಿ ನೀರಿಗೆ ಏನು ತಾಳೀತು ಎಂದು ಕೇಳುವವರಿಗೆ, 1956ರಲ್ಲಿ ಹಾನ್ನೆಸ್ ಲಿಂಡೆಮನ್ ಇಂಥದೇ ಕ್ಲೆಪ್ಪರ್ ದೋಣಿಯಲ್ಲಿ 72 ದಿನ ಹುಟ್ಟು, ಹಾಯಿ ನಡೆಸಿ ಅಟ್ಲಾಂಟಿಕ್ ದಾಟಿದನೆಂಬುದೇ ಉತ್ತರ.

ಈಗ ವಿಮಾನಯುಗಕ್ಕೆ ಬರೋಣ. ಚೆಕ್-ಇನ್ ಲಗೇಜಿನ ಸಾಮಾನ್ಯ ಮಿತಿ: ಉದ್ದ, ಅಗಲ, ಎತ್ತರ ಕೂಡಿದರೆ 158 ಸೆಂಟಿಮೀಟರ್. ತೂಕ 23 ಕಿಲೊ. ಎಷ್ಟೇ ದುಡ್ಡು ಸುರಿದರೂ ಒಂದು ನಗಕ್ಕೆ ಸಾಮಾನ್ಯವಾಗಿ 32 ಕಿಲೊ ಮೀರುವಂತಿಲ್ಲ. ಈ ಸೂತ್ರಗಳು ಜಾರಿಯಲ್ಲಿರುವ ಕಾಲದಲ್ಲೇ ದೋಣಿಗಳ ಗತಿ ಏನಾಯಿತು ನೋಡಿ. ಸ್ಲಾಲಂ ಸ್ಪರ್ಧೆಯ ಕಯಾಕಿನ ಕನಿಷ್ಠ ಉದ್ದ 4 ಮೀಟರಿನಿಂದ 3.5 ಮೀಟರಿಗೆ ಇಳಿಯಿತು. ನೊರೆನೀರಿನಲ್ಲಿ ಲಾಗ ಹಾಕುವ ಕಯಾಕುಗಳು 2 ಮೀಟರಿಗಿಂತಲೂ ಮೋಟಾದವು. ಅಲಾಸ್ಕದವರ ಪ್ಯಾಕ್‌ರಾಫ್ಟ್ ಗಾಳಿ ಬಿಟ್ಟರೆ ಬೆನ್ನಚೀಲಕ್ಕೆ ಇಳಿಯುತ್ತದೆ. ಇನ್ನು 5.2 ಮೀಟರ್ ಉದ್ದದ ಸ್ಪ್ರಿಂಟ್ ಕಯಾಕ್, ತೂಕ 12 ಕಿಲೊ ಇದ್ದರೂ, ಉದ್ದದ ಜಂಬ ಬಿಡಲಾರದೆ ಹೋಯಿತು. ಅದರ ಓಟಗಾರರು ದೂರದೂರಿನ ಪಂದ್ಯಕ್ಕೆ ಹೋದಾಗ ಬಾಡಿಗೆ ದೋಣಿಯಲ್ಲಿ ಕೂರುವುದೇ ಹೆಚ್ಚು. ಕುಗ್ಗಲಾರದ ಕೆಲವು ಪ್ರಭೇದಗಳು ವೇಷ ಹಾಕುವುದನ್ನು ಕಲಿತವು. ಎಷ್ಟೋ ವಿಮಾನ ಸಂಸ್ಥೆಗಳ ಪಟ್ಟಿಯಲ್ಲಿ ಸರ್ಫ್‌ಬೋರ್ಡಿಗೆ ಪ್ರವೇಶವುಂಟು, ಕಯಾಕಿಗಿಲ್ಲ. ಹೀಗಾಗಿ ಬಬಲ್ ರ‍್ಯಾಪ್ ಸುತ್ತಿ, ಹೊಟ್ಟೆಯೊಳಗೆ ಹೆಲ್ಮೆಟ್ಟು, ಲೈಫ್ ಜಾಕೆಟ್ಟು, ಪೂರ್ತಿ ಒಣಗದ ಬಟ್ಟೆ ತುರುಕಿಕೊಂಡ ಪ್ಲಾಸ್ಟಿಕ್ ಕಯಾಕೊಂದು ಕೌಂಟರಿನ ಮುಂದೆ ಮಲಗಿ ತಾನು ಸರ್ಫ್‌ಬೋರ್ಡ್ ಎನ್ನುತ್ತದೆ. ನಿರುಪದ್ರವಿ ಚಿಟ್ಟೆಗಳು ವಿಷದ ಚಿಟ್ಟೆಗಳ ಬಣ್ಣ ತೊಟ್ಟು ಹಕ್ಕಿಗಳನ್ನು ಏಮಾರಿಸುವುದನ್ನು ನಿಸರ್ಗಶಾಸ್ತ್ರಜ್ಞ ಹೆನ್ರಿ ವಾಲ್ಟರ್ ಬೇಟ್ಸ್ ಅಮೆಜಾನಿನಲ್ಲಿ ಗಮನಿಸಿದ್ದ. ಆತ ವಿಮಾನ ಕಂಡಿದ್ದರೆ ಕಾಡಿಗೆ ಹೋಗುವ ಶ್ರಮ ಉಳಿಯುತ್ತಿತ್ತು.

ಪೂರ್ವಪಕ್ಷಿಗಳು ಸುಮ್ಮನಿರುವವರಲ್ಲ. ಕಯಾಕ್ ಮೋಟಾದದ್ದು ಪ್ಲಾಸ್ಟಿಕ್ ಅಚ್ಚು ಬಂದದ್ದರಿಂದ, ಬಂಡೆಗಳ ನಡುವೆ ಚುರುಕಾಗಿ ತಿರುಗಲೆಂದು ಎನ್ನುತ್ತಾರೆ. ಇದನ್ನು ಪರೀಕ್ಷಿಸಲು ಬೇಕಾದದ್ದು ಕೌಂಟರೇ ಇಲ್ಲದ ಒಂದು ವಿಮಾನ. ಅದು ಕೆನಡಾದಲ್ಲಿದೆ. 1947ರಲ್ಲಿ ಮೊದಲು ಹಾರಿದ ಡಿ ಹ್ಯಾವಿಲೆಂಡ್ ಬೀವರ್ ವಿಮಾನದ ಕಾಲಿಗೆ ಚಕ್ರದ ಬದಲು ತೇಲುಬುಡ್ಡೆ ಕಟ್ಟಿ ಕೆರೆಯಿಂದ ಕೆರೆಗೆ ಹಾರಿಸುತ್ತಾರೆ. ಕನೂವನ್ನು ಒಳಗೆ ತುರುಕುವ ಗೊಡವೆಯಿಲ್ಲದೆ ತೇಲುಬುಡ್ಡೆಯ ಊರುಗೋಲುಗಳಿಗೆ ಹಗ್ಗದಲ್ಲಿ ಬಿಗಿಯುತ್ತಾರೆ. ಹೊರಗೆ ದೋಣಿ ನೇತುಬಿದ್ದರೆ ಗಾಳಿ ಜಗ್ಗುತ್ತದೆ, ವಿಮಾನ ಏಳಲು ನೀರಿನ ಮೇಲೆ ಹೆಚ್ಚು ದೂರ ಓಡಬೇಕು. ಆದರೂ ಟೇಪು ಹಿಡಿದು ಬರುವವರಿಲ್ಲ. ಫಲ? ಅಲ್ಲಿಯ ಕನೂ ಇಂದಿಗೂ 16-17 ಅಡಿಯ ತನ್ನ ಪೂರ್ವಿಕರ ಉದ್ದವನ್ನು ಉಳಿಸಿಕೊಂಡಿದೆ. ಅಲ್ಲೂ ಬಂಡೆಗಳಿವೆ, ಪ್ಲಾಸ್ಟಿಕ್ ಕೂಡ ಇದೆ. ಇಲ್ಲದ್ದು ಕೌಂಟರ್ ಮಾತ್ರ.

ಹೋದಲ್ಲಿ ದೋಣಿ ಸಿಗುವಾಗ ಹೊತ್ತೊಯ್ಯುವುದೇಕೆ ಎಂಬ ಇನ್ನೊಂದು ಆಕ್ಷೇಪಕ್ಕೆ ಸಾಕ್ಷಾತ್ ಶ್ರೀರಾಮನ ಬೆಂಬಲವಿದೆ ಎಂದು ಒಪ್ಪಲೇಬೇಕು. ಗಂಗೆಯನ್ನು ಗುಹನ ದೋಣಿಯಲ್ಲಿ ದಾಟಿದ, ಯಮುನೆಯನ್ನು ಸ್ಥಳದಲ್ಲೇ ಕಟ್ಟಿದ ತೆಪ್ಪದಲ್ಲಿ. ಮರಳುವಾಗ ಎಷ್ಟು ಮಂದಿ ಹತ್ತಿದರೂ ಇನ್ನೊಬ್ಬರಿಗೆ ಜಾಗವಿರುವ ಪುಷ್ಪಕವೇ ಸಿಕ್ಕಿತು, ಕಪಿಸೇನೆ ಸಮೇತ ಏರಿದ. ಲಗೇಜಿನಲ್ಲಿ ದೋಣಿಯ ಸುಳಿವಿಲ್ಲ. ಆದರೆ ಮಿತಿಯೇ ಇಲ್ಲದ ವಿಮಾನದಿಂದ ನಿಯಮ ಹೊರಡಿಸಲಾಗದು. ಮೇಲಾಗಿ ಗಂಗೆಯ ದೋಣಿಗಳು ಇಂದಿಗೂ ನೀಳವಾಗಿಯೇ ಇವೆ, ಸಿದ್ಧಾಂತಕ್ಕೆ ಅದೂ ಅನುಕೂಲವೇ.

ಕಡೆಯದಾಗಿ ನಮ್ಮ ಹರಿಗೋಲು. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬುಟ್ಟಿಯಂಥ ದುಂಡು ದೋಣಿಗಳನ್ನು ಕಂಡು ಬರೆದಿದ್ದಾನೆ. ಹೊರಗಿನ ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದರೂ ತುಂಗಭದ್ರೆಯಲ್ಲಿ ಆಕಾರ ಅದೇ. ಐನೂರು ವರ್ಷ ಅದು ಬದಲಾಗದ್ದಕ್ಕೆ ಕಾರಣ ಹೊಳೆ ಬದಲಾಗದ್ದೆಂದು ಹೇಳುವವರು ಜಲಾಶಯವನ್ನು ನೋಡಿಲ್ಲ. ಹರಿಗೋಲನ್ನು ಯಾರೂ ಕೌಂಟರಿಗೆ ಒಯ್ದಿಲ್ಲ, ಅಷ್ಟೆ. ಒಯ್ದರೆ ಶಾಸ್ತ್ರಸಂಕಟ ಖಂಡಿತ: ಉದ್ದ ಯಾವುದು, ಅಗಲ ಯಾವುದು ಎಂದು ಟೇಪು ಎತ್ತಲಿಂದ ಹಿಡಿದರೂ ತಿಳಿಯದು. ತೋರಣಗಲ್ಲಿನ ಬಳಿಯ ವಿಮಾನ ನಿಲ್ದಾಣಕ್ಕೆ ಯಾರಾದರೂ ಅದನ್ನು ಹೊತ್ತು ತಂದು ಪ್ರಯೋಗ ಮಾಡಬೇಕು. ಪ್ರಸ್ತುತ ಸಿದ್ಧಾಂತದ ಪ್ರಕಾರ ಎರಡು ತಲೆಮಾರಿನೊಳಗೆ ಹರಿಗೋಲು ಚೌಕವಾಗುತ್ತದೆ, ಅಡಿಗೆ ಚಕ್ರವೂ ಮೇಲೆ ಎಳೆಯುವ ಹಿಡಿಯೂ ಮೂಡುತ್ತವೆ. ಅದು ಆಮೇಲೆ ತೇಲುತ್ತದೆಯೇ ಎಂಬುದು ಈ ಪ್ರಬಂಧದ ವ್ಯಾಪ್ತಿಗೆ ಹೊರಗಿನ ಸಂಗತಿ.