ಉಗ್ರಾಣಾಧಿಕಾರಿಯ ಅಹವಾಲು

ಬೆಳಗಿನ ಪತ್ರಿಕೆಯ ಮಡಿಕೆಯಿಂದ ಜಾರಿ ಬೀಳುವ ಕರಪತ್ರಗಳಲ್ಲಿಯೂ, ಈಚೆಗೆ ಕೈಯೊಳಗಿನ ಫೋನಿನಲ್ಲಿಯೂ, ನಡುವಿಗೆ ಬಿಗಿದರೆ ಸಾಕು, ಕುಳಿತಲ್ಲಿಯೇ ಕೊಬ್ಬು ಬೆವರಾಗಿ ಹರಿದುಹೋಗುವುದೆಂದು ಸಾರುವ ಆ ಪಟ್ಟಿಯ ಮಹಿಮೆಯನ್ನು ವಾಚಕರು ಬಲ್ಲರು. ಅದನ್ನು ತರಿಸಿ, ಬಿಗಿದು, ಬೆವತು, ಕಡೆಗೆ ಅಟ್ಟಕ್ಕೆ ಏರಿಸಿದ ಬಂಧುಗಳು ಎಲ್ಲರ ಮನೆಯಲ್ಲಿಯೂ ಇರುವುದರಿಂದ ಆ ಪುರಾಣವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಪಟ್ಟಿ ಮಾರುವವರ ಮಾತನ್ನು ಕೇಳಿದ್ದಾಯಿತು, ಕಟ್ಟಿಕೊಂಡವರ ಗೋಳನ್ನೂ ಕೇಳಿದ್ದಾಯಿತು; ಯಾರ ಉಚ್ಚಾಟನೆಗಾಗಿ ಇಷ್ಟೆಲ್ಲ ಸಂಭ್ರಮವೋ ಅವರ ಅಭಿಪ್ರಾಯವನ್ನು ಮಾತ್ರ ಯಾರೂ ವಿಚಾರಿಸಿದಂತೆ ಕಾಣೆ. ಆದಕಾರಣ, ನನ್ನ ನಡುವಿನ ಸುತ್ತ ಬಹುಕಾಲದಿಂದ ಬೀಡುಬಿಟ್ಟಿರುವ ಮೇದಕೋಶವೊಂದನ್ನು, ಮದುವೆಯ ಊಟವೊಂದನ್ನು ಮುಗಿಸಿದ ಮಧ್ಯಾಹ್ನ, ಛತ್ರದ ಜಗುಲಿಯ ಮೇಲೆ ಕುಳಿತು ಮಾತನಾಡಿಸಿದೆನು.

ನಾನು: ತಾವು ಸೋಮಾರಿಗಳೆಂದು ಲೋಕದ ಆಕ್ಷೇಪಣೆ.

ಮೇದಕೋಶ: ಸೋಮಾರಿ! ಸ್ವಾಮಿ, ತಾವು ಈಗತಾನೆ ಹೋಳಿಗೆಯ ಮೇಲೆ ಸುರಿದುಕೊಂಡ ತುಪ್ಪವನ್ನು ಪಿತ್ತರಸವು ಕದಡಿ, ಮೇದೋಜೀರಕ ಗ್ರಂಥಿಯ ಕಿಣ್ವವು ಕತ್ತರಿಸಿ, ಕರುಳಿನ ಗೋಡೆಯು ಹೀರಿ, ಹೀರಿದುದನ್ನು ಮತ್ತೆ ಜೋಡಿಸಿ, ಮೇಲೊಂದು ಪ್ರೋಟೀನಿನ ಹೊದಿಕೆ ಹೊದಿಸಿ, ಕೈಲೋಮೈಕ್ರಾನ್ ಎಂಬ ಪೊಟ್ಟಣಗಳನ್ನಾಗಿ ಕಟ್ಟುತ್ತಿದೆ. ಸಕ್ಕರೆಯಾದರೋ ನೇರವಾಗಿ ಯಕೃತ್ತಿನ ದರ್ಶನಕ್ಕೆ ಹೋಗುತ್ತದೆ; ಈ ಪೊಟ್ಟಣಗಳು ಹಾಗಲ್ಲ, ದುಗ್ಧರಸದ ನಾಳಗಳನ್ನು ಹಿಡಿದು, ಎದೆಯನ್ನು ಹಾದು ಮೇಲೇರಿ, ಎಡಗತ್ತಿನ ಬುಡದಲ್ಲಿ ರಕ್ತವನ್ನು ಸೇರಿ ಆಮೇಲೆ ನನ್ನ ಬಾಗಿಲಿಗೆ ಬರತಕ್ಕವು.

ನಾನು: ಅದಿರಲಿ. ಆ ಪೊಟ್ಟಣದಲ್ಲಿರುವ ತುಪ್ಪವನ್ನು ಎಲೆಯ ಮುಂದೆ ಕುಳಿತು ಉಂಡದ್ದೋ, ತಟ್ಟೆ ಹಿಡಿದು ನಿಂತು ಉಂಡದ್ದೋ ಎಂಬುದು ತಮಗೆ ತಿಳಿಯುವುದೆ? ಏಕೆಂದರೆ ಇಂದು ನಮಗೆ ಇಕ್ಕಿದ್ದು ಬಫೆ.

ಮೇದಕೋಶ: ತಿಳಿಯದು. ಇನ್ಸುಲಿನ್ನಿನ ಆಜ್ಞೆ ಬರುತ್ತದೆ. ರಕ್ತನಾಳದ ಗೋಡೆಯಲ್ಲಿರುವ ಕಿಣ್ವವು ಪೊಟ್ಟಣವನ್ನು ಬಿಚ್ಚುತ್ತದೆ. ಬಿಡಿಬಿಡಿಯಾದ ಮೇದಾಮ್ಲಗಳನ್ನು ನಾನು ಒಳಗೆ ಕರೆದುಕೊಂಡು, ಒಂದು ಗ್ಲಿಸರಾಲಿಗೆ ಮೂರರಂತೆ ಕಟ್ಟಿ ಇಡುತ್ತೇನೆ. ಸಕ್ಕರೆಯನ್ನು ಕೂಡಿಟ್ಟರೆ ಅದರ ಜೊತೆಗೆ ನೀರಿನ ಭಾರವನ್ನೂ ಹೊರಬೇಕು, ಸಿಕ್ಕುವುದು ಗ್ರಾಮಿಗೆ 4 ಕ್ಯಾಲೊರಿ; ನನ್ನಲ್ಲಿ ನೀರಿನ ಹಂಗಿಲ್ಲದೆ 9. ಇಂತಹ ಉಗ್ರಾಣವನ್ನು ನಡೆಸುವವನನ್ನು ಸೋಮಾರಿಯೆನ್ನುವ ಆ ಪಟ್ಟಿಯವರು—

ನಾನು: ಪಟ್ಟಿಗೆ ಬರೋಣ. ಅದಕ್ಕೆ ಮೊದಲು, ಕೊಲೆಸ್ಟರಾಲಿನ ವಿಚಾರದಲ್ಲಿ ತಮ್ಮ ಮೇಲಿರುವ ಆರೋಪ?

ಮೇದಕೋಶ: ಅದನ್ನು ಯಕೃತ್ತನ್ನು ಕೇಳಿಕೊಳ್ಳಿ. ಪಟ್ಟಿಯ ಮಾತನ್ನಾಡುವ. ಬೆವರು ನೀರು, ಸ್ವಾಮಿ, ಉಪ್ಪುನೀರು! ತಕ್ಕಡಿಯಲ್ಲಿ ಇಳಿದ ತೂಕ ಎರಡು ಲೋಟ ಮಜ್ಜಿಗೆ ಕುಡಿದರೆ ಮರಳಿ ಏರುತ್ತದೆ. ನನ್ನ ಬಾಗಿಲು ಬಿಸಿಗೆ ತೆರೆಯುವಂಥದಲ್ಲ. ಇನ್ಸುಲಿನ್ ತಗ್ಗಬೇಕು, ಅಡ್ರಿನಲಿನ್ ಕೂಗಬೇಕು. ಆಗ ಕಟ್ಟಿದ್ದನ್ನು ನಾನೇ ಬಿಚ್ಚಿ ಕೊಡುತ್ತೇನೆ. ರಕ್ತದ ಆಲ್ಬುಮಿನ್ ಆ ಮೇದಾಮ್ಲಗಳನ್ನು ಹೊತ್ತು ಸ್ನಾಯುವಿಗೆ ಮುಟ್ಟಿಸುತ್ತದೆ, ಕಾರ್ನಿಟೀನ್ ಕೈಹಿಡಿದು ಮೈಟೋಕಾಂಡ್ರಿಯದೊಳಕ್ಕೆ ದಾಟಿಸುತ್ತದೆ, ಅಲ್ಲಿ ಎರಡೆರಡು ಇಂಗಾಲದಂತೆ ತುಂಡರಿಸುತ್ತಾರೆ. ಪಾಮಿಟಿಕ್ ಆಮ್ಲವಾದರೆ ಅದರ 16 ಇಂಗಾಲಕ್ಕೆ ಏಳು ಪೆಟ್ಟು, ಎಂಟು ತುಂಡು. ಹೀಗೆ ಎರಡೆರಡಾಗಿಯೇ ಕಡಿಯುತ್ತದೆಂದು ಜರ್ಮನಿಯ ಕ್ನೂಪ್ ಮಹಾಶಯರು 1904ರಲ್ಲಿ ನಾಯಿಗಳ ಮೂತ್ರವನ್ನು ಪರೀಕ್ಷಿಸಿ ಕಂಡುಹಿಡಿದರು. ಪಟ್ಟಿಯವರಿಗೆ ಅಷ್ಟು ಶ್ರಮವಾದರೂ ಬೇಡವೆ?

ನಾನು: ಕಡಿದದ್ದು ಎಲ್ಲಿಗೆ ಹೋಗುತ್ತದೆ?

ಮೇದಕೋಶ: ಉಸಿರಿಗೆ. ಹತ್ತು ಕಿಲೋ ಕೊಬ್ಬು ಪೂರ್ಣವಾಗಿ ಉರಿದರೆ 8.4 ಕಿಲೋ ಅಂಗಾರಾಮ್ಲವಾಗಿ ಮೂಗಿನಿಂದಲೇ ಹೊರಟುಹೋಗುತ್ತದೆ, ಉಳಿದದ್ದು ನೀರು. ಇದನ್ನು 2014ರಲ್ಲಿ ಆಸ್ಟ್ರೇಲಿಯದ ಇಬ್ಬರು ಲೆಕ್ಕಹಾಕಿ ಪ್ರಕಟಿಸಿದ್ದಾರೆ. ಇದು ತಿಳಿದ ಮೇಲೂ ಪಟ್ಟಿಯನ್ನು ಮೂಗಿಗೆ ಬಿಟ್ಟು ಹೊಟ್ಟೆಗೆ ಕಟ್ಟುತ್ತಾರೆ!

ನಾನು: ನೋಡಿ, ನನ್ನ ಸಿದ್ಧಾಂತವೇನೆಂದರೆ, ಈ ಎಲ್ಲ ಅನರ್ಥಕ್ಕೂ ಮೂಲ ಪಂಕ್ತಿಭೋಜನದ ಅವಸಾನ. ಸಾಲಾಗಿ ಹಾಸಿದ ಬಾಳೆಯೆಲೆ, ತುದಿಯಲ್ಲಿ ಉಪ್ಪು, ಕೋಸಂಬರಿಯಿಂದ ಮೊಸರಿನವರೆಗೆ ತಪ್ಪದ ಕ್ರಮ, ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವೆ ಹರಟೆಗೆ ಬೇಕಾದಷ್ಟು ಬಿಡುವು, ಎಲ್ಲರೂ ಏಳುವ ತನಕ ಏಳದಿರುವ ಸಂಯಮ, ಇವೆಲ್ಲವನ್ನೂ ಕಳೆದುಕೊಂಡು, ಗೋಬಿ ಮಂಚೂರಿಯ ಪಕ್ಕದಲ್ಲಿಯೇ ಹೋಳಿಗೆಯನ್ನು ಹೇರಿಕೊಂಡು ಮೊಣಕೈ ತಿವಿತದ ನಡುವೆ ನುಂಗುವ ಜನಾಂಗಕ್ಕೆ ತಾವಾದರೂ ಎಷ್ಟೆಂದು ಜಾಗ ಕೊಟ್ಟೀರಿ? ಜಾಗ ಕೊಟ್ಟದ್ದರಿಂದಲೇ ಅಲ್ಲವೆ ನಮ್ಮವರಿಗೆ ಇಷ್ಟು ಎದೆಬೇನೆ?

ಮೇದಕೋಶ: ಜಾಗ ಕೊಟ್ಟದ್ದರಿಂದಲೋ, ಜಾಗ ಸಾಲದೆಹೋದದ್ದರಿಂದಲೋ? ಚರ್ಮದ ಕೆಳಗೆ ನನಗೆ ಸ್ಥಳವಿರುವಷ್ಟು ಕಾಲ ಕೊಬ್ಬು ನನ್ನಲ್ಲಿ ನಿರಪಾಯವಾಗಿರುತ್ತದೆ. ಅದು ಮುಗಿದ ಮೇಲೆ ಯಕೃತ್ತಿಗೆ, ಸ್ನಾಯುವಿಗೆ ಹೋಗಿ ಕೂರುತ್ತದೆ. ನಮ್ಮ ಸಂತತಿಯೇ ಇಲ್ಲದೆ ಹುಟ್ಟುವ ಕೆಲವರುಂಟು. ಅವರು ತೆಳ್ಳಗಿದ್ದೂ ಮಧುಮೇಹದಿಂದ ನವೆಯುತ್ತಾರೆ, ಅವರ ಯಕೃತ್ತು ಕೊಬ್ಬಿನಿಂದ ಊದಿರುತ್ತದೆ. ಇನ್ನು ಎದೆಬೇನೆಯ ಮೂಲವನ್ನು ಕೇಳುವಿರಾದರೆ, ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಕೂಸುಗಳ ತೂಕವನ್ನು ಬರೆದಿಟ್ಟ ದಫ್ತರಗಳಿದ್ದವು. ಆ ಕೂಸುಗಳು ನಡುವಯಸ್ಸನ್ನು ಮುಟ್ಟಿದ ಮೇಲೆ ಸಂಶೋಧಕರು ಅವರನ್ನು ಹುಡುಕಿ ಪರೀಕ್ಷಿಸಿ, 1996ರಲ್ಲಿ ಫಲಿತವನ್ನು ಪ್ರಕಟಿಸಿದರು: ಹುಟ್ಟಿದಾಗ ಕೃಶರಾಗಿದ್ದವರಲ್ಲಿಯೇ ಹೃದ್ರೋಗ ಹೆಚ್ಚು, ತಾಯಿಯೂ ಕೃಶಳಾಗಿದ್ದರೆ ಮತ್ತೂ ಹೆಚ್ಚು. ಪುಣೆಯ ಸುತ್ತಣ ಹಳ್ಳಿಗಳ ಕೂಸು ಹುಟ್ಟುವಾಗ ಸರಾಸರಿ 2.7 ಕಿಲೋ ತೂಗಿದರೆ ಇಂಗ್ಲೆಂಡಿನದು 3.5, ಕಡಿಮೆಯಾದದ್ದು ಮಾಂಸ, ಅಂಗಾಂಗ; ಕೊಬ್ಬು ಅಷ್ಟಾಗಿ ಕಡಿಮೆಯಾಗಿಲ್ಲ. ತಾಯಿ ಯಾಕೆ ಕೃಶಳಾದಳು, ಸ್ವಾಮಿ? ತಾವು ಕೊಂಡಾಡಿದ ಪಂಕ್ತಿಯಲ್ಲಿ ಗಂಡಸರ ಎಲೆ ಎತ್ತಿ, ಮಕ್ಕಳ ಎಲೆ ಎತ್ತಿ, ಅತ್ತೆಯ ಎಲೆಯನ್ನೂ ಎತ್ತಿ, ತಳದಲ್ಲಿ ಉಳಿದ ಸಾರಿಗೆ ಅನ್ನ ಕಲಸಿ ಉಂಡವಳು ಯಾರು? ತುಂಬು ಬಸುರಿ. ಅವಳ ತಟ್ಟೆಗೆ ತುಪ್ಪ ಬಂತೆ? ಕಾಳು ಬಂತೆ? ಅವಳು ಹಸಿದದ್ದಕ್ಕೆ ಅವಳ ಮಗ ನಲವತ್ತೈದರಲ್ಲಿ ಎದೆ ಹಿಡಿದುಕೊಂಡು ಬೀಳುತ್ತಾನೆ. ಬಿದ್ದವನ ಹೊಟ್ಟೆಯನ್ನು ತೋರಿಸಿ ತಾವೆಲ್ಲ ನಗುತ್ತೀರಿ, ಅವನಿಗೊಂದು ಪಟ್ಟಿ ಮಾರುತ್ತೀರಿ.

ಜಗುಲಿಯ ಮೇಲೆ ವೀಳ್ಯದ ತಟ್ಟೆ ಬಂತು. ನಾನು ಅಡಿಕೆಯನ್ನು ಆರಿಸಿಕೊಳ್ಳಲು ಆವಶ್ಯಕವಾದುದಕ್ಕಿಂತ ಹೆಚ್ಚಿನ ಕಾಲವನ್ನು ತೆಗೆದುಕೊಂಡೆನು.

ನಾನು: ಆದರೂ ಈ ಬಫೆಯೆಂಬುದು...

ಮೇದಕೋಶ: ಇನ್ನೂ ಬಿಡಲಿಲ್ಲವೆ? ಬಫೆಯಲ್ಲಿ ಬಸುರಿ ಹೆಂಗಸು ತಾನೇ ತಟ್ಟೆ ಹಿಡಿದು ಮುಂದೆ ನಿಲ್ಲಬಲ್ಲಳು. ಅಷ್ಟರಮಟ್ಟಿಗೆ ನಾನು ಬಫೆಯ ಪಕ್ಷ. ಹೋಗಲಿ, ಈಗ ಮನೆಗೆ ನಡೆದೇ ಹೋಗುವಿರೋ?

ನಾನು: ಆಟೋ ಹೇಳಿಯಾಗಿದೆ.

ಮೇದಕೋಶ: ಹಾಗಾದರೆ ಹೋಳಿಗೆ ನನ್ನಲ್ಲಿಯೇ ಇರಲಿ.