ಮಾರುತೋಪಾಸಕ ರಾಯರು

ಲೋಕದಲ್ಲಿ ಭಕ್ತರು ಹಲವು ಬಗೆ. ತಿರುಪತಿಗೆ ಬರಿಗಾಲಲ್ಲಿ ನಡೆದು ಹೋಗುವವರುಂಟು, ಹಂಪೆಯ ಕಲ್ಲುಗಳ ನಡುವೆ ವರ್ಷಕ್ಕೊಂದು ವಾರ ಅಲೆಯದಿದ್ದರೆ ಅನ್ನ ರುಚಿಸದವರೂ ಉಂಟು. ಆದರೆ ಹಾರುವುದನ್ನು ಬಿಟ್ಟು ಮೂರು ನಾಲ್ಕು ದಶಕಗಳೇ ಸಂದು, ಬಣ್ಣ ಮಾಸಿ, ಹುಲ್ಲಿನ ನಡುವೆ ತಪಸ್ಸಿಗೆ ನಿಂತಂತೆ ನಿಂತಿರುವ ಯುದ್ಧವಿಮಾನವೊಂದರ ಮುಂದೆ, ತಾನೂ ಒಂದು ಮಂಡಿಯನ್ನು ನೆಲಕ್ಕೂರಿ, ಒಂದು ಕಣ್ಣನ್ನು ಮುಚ್ಚಿ, ಉಸಿರನ್ನು ಬಿಗಿಹಿಡಿದು, ತಲೆಯ ಮೇಲೆ ಸುಡುವ ಬಿಸಿಲನ್ನಾಗಲಿ ಬೆನ್ನ ಹಿಂದೆ ಕಾಯುತ್ತಿರುವ ಹೆಂಡತಿಯನ್ನಾಗಲಿ ಲೆಕ್ಕಿಸದೆ ಕುಳಿತಿರುವ ಭಕ್ತನನ್ನು ನೀವು ಕಂಡಿರದಿದ್ದರೆ, ನಮ್ಮ ರಾಯರನ್ನು ಕಂಡಿಲ್ಲವೆಂದೇ ಅರ್ಥ.

ರಾಯರ ಪೂರ್ವಾಶ್ರಮವು ಲೆಕ್ಕಪರಿಶೋಧನೆ. ಪರರ ಲೆಕ್ಕದಲ್ಲಿ ತಪ್ಪು ಹುಡುಕುವುದರಲ್ಲಿಯೇ ಯೌವನವನ್ನು ಸವೆಸಿದ ಆ ದೃಷ್ಟಿಯು ನಿವೃತ್ತಿಯ ಮರುದಿನ ನಿರುದ್ಯೋಗಿಯಾಗಿ ಮನೆಯ ಸಾರಿನ ಉಪ್ಪಿನ ಕಡೆಗೂ ಹಾಲಿನವನ ಚೀಟಿಯ ಕಡೆಗೂ ತಿರುಗುವ ಲಕ್ಷಣ ತೋರಿದಾಗ, ಅವರ ಮನೆಯವರೇ ಉಪಾಯವಾಗಿ ಒಂದು ಕ್ಯಾಮೆರಾ ಕೊಡಿಸಿದರೆಂದು ಕೇಳಿದ್ದೇನೆ. ಅಂದಿನಿಂದ ರಾಯರು ವಿಮಾನಗಳ ಲೆಕ್ಕಪರಿಶೋಧಕರು. ಬಾಲದ ಮೇಲಿನ ಸಂಖ್ಯೆ, ರೆಕ್ಕೆಯ ರಿವೆಟ್ಟುಗಳ ಸಾಲು, ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರಾದ ವಾಯುಪಡೆಯ ಚಕ್ರಚಿಹ್ನೆ, ಇವೆಲ್ಲವೂ ಅವರ ಖಾತೆಯಲ್ಲಿ ದಾಖಲಾಗಬೇಕು. ಚಕ್ರದ ಹಸಿರು ತುಸು ತಿಳಿಯಾಗಿದ್ದರೆ, ಬಣ್ಣ ಬಳಿದವನ ಮೇಲೆ ಅವರ ಮನಸ್ಸಿನಲ್ಲಿ ಒಂದು ಆಕ್ಷೇಪಣೆಯ ಪತ್ರ ಸಿದ್ಧವಾಗುತ್ತದೆ.

ಅವರ ಕೈಚೀಲವು ಮದುವೆಯ ಛತ್ರಕ್ಕೆ ಅಡಿಗೆಯವರು ಹೊತ್ತು ತರುವ ಮೂಟೆಯನ್ನು ನೆನಪಿಗೆ ತರುವಂಥದು. ಇಡೀ ವಿಮಾನವನ್ನು ನುಂಗುವ ಅಗಲ ಲೆನ್ಸೊಂದು, ಅದರ ಒಂದೇ ತಿರುಪನ್ನು ಹಿಡಿಯುವ ಉದ್ದ ಲೆನ್ಸೊಂದು, ಕಾಕ್‌ಪಿಟ್ಟಿನ ಗಾಜಿನ ಪ್ರತಿಫಲನವನ್ನು ಕಳೆಯುವ ಫಿಲ್ಟರು, ಮಂಡಿಯ ಕೆಳಗೆ ಹಾಸಲು ಹಳೆಯ ಚಾಪೆಯ ತುಂಡು, ಇಷ್ಟೆಲ್ಲ ಅದರೊಳಗಿರುವುದು. ಟ್ರೈಪಾಡ್ ಹೊರುವವನು ನಾನು. ಹೊರುವುದಷ್ಟೇ ಆಗಿದ್ದರೆ ಈ ಸ್ನೇಹ ಸುಖಕರವಾಗಿರುತ್ತಿತ್ತು. ಜನನಿವಾರಣೆಯೆಂಬ ಇನ್ನೊಂದು ಹೊಣೆಯೂ ನನ್ನ ಮೇಲಿದೆ. ರಾಯರ ಚಿತ್ರದಲ್ಲಿ ನರಪ್ರಾಣಿ ಕಾಣಕೂಡದು. ಮನುಷ್ಯರು ಮಾಡಿ, ಮನುಷ್ಯರು ಹಾರಿಸಿ, ಮನುಷ್ಯರ ಮೇಲೆಯೇ ಪ್ರಯೋಗಿಸಿದ ಈ ಯಂತ್ರದ ಬಳಿ ಮನುಷ್ಯನೊಬ್ಬ ನಿಂತರೆ ಅದರ ಪಾವಿತ್ರ್ಯಕ್ಕೆ ಏನು ಊನವೆಂದು ನಾನೊಮ್ಮೆ ಕೇಳಿದ್ದಕ್ಕೆ, "ಸ್ವಾಮೀ, ದೇವರ ಪಟದಲ್ಲಿ ಪೂಜಾರಿ ಇರ್ತಾನೇನ್ರೀ?" ಎಂದು ಉತ್ತರ ಬಂತು.

ಇಂಥ ವಿಮಾನಪ್ರಿಯರು ವಿಮಾನದಲ್ಲಿ ಕುಳಿತುಕೊಳ್ಳಲು ಹೆದರುತ್ತಾರೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. ಕಿವಿ ನೋಯುತ್ತದೆಂಬುದು ಅವರ ಸಮಜಾಯಿಷಿ. ಆದ್ದರಿಂದ ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ವಸ್ತುಸಂಗ್ರಹಾಲಯಕ್ಕೆ ರಾಯರು, ಅವರ ಮನೆಯವರು, ನಾನು, ಮೂವರೂ ಹೋದದ್ದು ರೈಲಿನಲ್ಲಿ. ಎರಡು ತಿಂಗಳ ಸಿದ್ಧತೆ. ಯಾವ ಘಳಿಗೆಯಲ್ಲಿ ಸೂರ್ಯನು ಯಾವ ವಿಮಾನದ ಎಡಗೆನ್ನೆಯ ಮೇಲೆ ಬೀಳುವನೆಂಬುದಕ್ಕೆ ರಾಯರು ಪಂಚಾಂಗದಂತಹ ಒಂದು ಕೋಷ್ಟಕವನ್ನೇ ಬರೆದುಕೊಂಡಿದ್ದರು. ಆಟೋದಿಂದಿಳಿದು, ಚೀಲ ಹೊತ್ತು, ಬಾಗಿಲ ಬಳಿ ನಿಂತಾಗ ಅದು ಮುಚ್ಚಿತ್ತು. ಅಂದು ಸೋಮವಾರ, ಸೋಮವಾರ ಮತ್ತು ಮಂಗಳವಾರ ಅಲ್ಲಿ ರಜೆ. ಸೂರ್ಯನ ಚಲನೆಯನ್ನು ನಿಮಿಷಕ್ಕೆ ಲೆಕ್ಕ ಹಾಕಿದವರು ವಾರವನ್ನು ನೋಡಿರಲಿಲ್ಲ. ಮನೆಯವರು ಒಂದು ಮಾತನ್ನೂ ಆಡದೆ ಕೈಚೀಲದಿಂದ ಕರೋಲ್‌ಬಾಗಿನಲ್ಲಿ ಕೊಳ್ಳಬೇಕಾದ ವಸ್ತುಗಳ ಪಟ್ಟಿಯನ್ನು ಹೊರತೆಗೆದರು; ಅವರಿಗೆ ರಜೆಯ ವಿಷಯ ಮೊದಲೇ ಗೊತ್ತಿತ್ತೇನೋ ಎಂಬ ಸಂಶಯ ನನಗೆ ಇಂದಿಗೂ ಇದೆ.

ಬುಧವಾರ ಒಳಗೆ ಹೋದೆವು. 1933ರ ಏಪ್ರಿಲ್ ತಿಂಗಳಲ್ಲಿ ನಮ್ಮ ವಾಯುಪಡೆಯ ಮೊದಲ ಸ್ಕ್ವಾಡ್ರನ್ನು ಹುಟ್ಟಿದಾಗ ಅದರ ಬಳಿಯಿದ್ದದ್ದು ವಾಪಿಟಿ ಎಂಬ ನಾಲ್ಕು ಎರಡಂತಸ್ತಿನ ರೆಕ್ಕೆಯ ವಿಮಾನಗಳು. ಆ ಜಾತಿಯದೊಂದನ್ನು ಅಲ್ಲಿ ನೋಡಬಹುದು. ಸ್ಪಿಟ್‌ಫೈರ್, ಹರಿಕೇನ್, ಲೈಸಾಂಡರ್‌ಗಳಿವೆ. ಚಾಲಕನು ಹತ್ತಿ ಕುಳಿತು ಶತ್ರುವಿನ ಹಡಗಿಗೆ ತಾನೂ ಸೇರಿ ಬಡಿಯುವುದಕ್ಕಾಗಿಯೇ ಜಪಾನೀಯರು ಮಾಡಿದ ಓಕಾ ಎಂಬ ಪುಟ್ಟ ಯಂತ್ರವೂ ಇದೆ. ಅದನ್ನು ನೋಡಿ ಮನೆಯವರು "ಅಯ್ಯೋ, ಇದಕ್ಕೆ ಚಕ್ರವೇ ಇಲ್ಲವಲ್ಲ" ಎಂದರು. ಇಳಿಯುವ ಉದ್ದೇಶವೇ ಇಲ್ಲದ್ದಕ್ಕೆ ಚಕ್ರವೇಕೆಂದು ರಾಯರು ವಿವರಿಸಿದ ಮೇಲೆ ಆಕೆ ಬಹಳ ಹೊತ್ತು ಮಾತನಾಡಲಿಲ್ಲ.

ಆದರೆ ರಾಯರ ಪರವಶತೆಯನ್ನು ನೋಡಬೇಕಾದರೆ ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಬೃಹತ್ ಬಾಂಬರಿನ ಮುಂದೆ ನೋಡಬೇಕು. ಎರಡನೆಯ ಮಹಾಯುದ್ಧ ಮುಗಿದಾಗ, ಅಮೆರಿಕದಿಂದ ಕಡ ತಂದಿದ್ದ ಈ ವಿಮಾನಗಳನ್ನು ಬ್ರಿಟಿಷರು, ಮತ್ತೆ ಯಾರಿಗೂ ಉಪಯೋಗಕ್ಕೆ ಬಾರದಂತೆ, ಕಾನ್ಪುರದ ಬಯಲಿನಲ್ಲಿ ಒಡೆದು ಕೆಡಿಸಿ ಬಿಟ್ಟುಹೋದರಷ್ಟೆ. ನಮ್ಮ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್‌ನವರು ಆ ಗುಜರಿಯ ರಾಶಿಯಲ್ಲಿ ಒಂದರ ರೆಕ್ಕೆ, ಇನ್ನೊಂದರ ಬಾಲ ಎಂದು ಆಯ್ದು, ಹಾರಬಲ್ಲಷ್ಟರ ಮಟ್ಟಿಗೆ ಕೂಡಿಸಿ, ಜಂಷೇದ್ ಮುನ್ಶಿ ಎಂಬ ಎದೆಗಾರ ಚಾಲಕನ ಕೈಗೆ ಕೊಟ್ಟು, ಒಂದೊಂದನ್ನಾಗಿ ಬೆಂಗಳೂರಿಗೆ ಹಾರಿಸಿ ತರಿಸಿಕೊಂಡು, ಇಲ್ಲಿ ಪೂರ್ತಿ ದುರಸ್ತಿ ಮಾಡಿ ವಾಯುಪಡೆಗೆ ಒಪ್ಪಿಸಿದರು. ಅವು 1968ರವರೆಗೆ ಸೇವೆ ಸಲ್ಲಿಸಿದವು. ಆಮೇಲೆ ಲೋಕದಲ್ಲೆಲ್ಲ ಆ ಜಾತಿ ಅಪರೂಪವಾಗಿ, ಅಮೆರಿಕ, ಕೆನಡಾ, ಬ್ರಿಟನ್ನಿನ ವಸ್ತುಸಂಗ್ರಹಾಲಯಗಳಿಗೆ ನಮ್ಮಿಂದಲೇ ಹೋದವು. ಒಡೆದು ಬಿಟ್ಟುಹೋದವರ ಮನೆಗೂ 1974ರಲ್ಲಿ ಒಂದು ದಾನ ಸಂದಿತು. ಈ ಕತೆಯನ್ನು ಹೇಳುವಾಗ ರಾಯರ ಮುಖದಲ್ಲಿ, ನೆರೆಯವರು ಬಿಸಾಡಿದ ಒಡಕು ಹಂಡೆಗೆ ಕಲಾಯಿ ಹಾಕಿಸಿ, ಅವರದೇ ಮನೆಯ ಮದುವೆಗೆ ಉಡುಗೊರೆ ಕೊಟ್ಟ ಗೃಹಸ್ಥನ ತೃಪ್ತಿಯಿರುತ್ತದೆ.

ಗೋವೆಯ ನೌಕಾ ವಾಯುಯಾನ ಸಂಗ್ರಹಾಲಯದ ವಿಷಯದಲ್ಲಿ ಹೆಚ್ಚು ಹೇಳುವಂತಿಲ್ಲ. ಅಲ್ಲಿಯ ಸೂಪರ್ ಕಾನ್‌ಸ್ಟಲೇಷನ್ ಎಂಬ ಮಹಾಕಾಯವು ಒಂದು ಕಾಲಕ್ಕೆ ಏರ್ ಇಂಡಿಯಾದ ಯಾತ್ರಿಕರನ್ನು ಹೊತ್ತು, ತರುವಾಯ ವಾಯುಪಡೆಗೆ ಸೇರಿ, ಕೊನೆಗೆ ನೌಕಾಪಡೆಯಲ್ಲಿ ಕಡಲು ಕಾದದ್ದು. ಅದರ ಮೂತಿಯಿಂದ ಮೂರು ಕವಲಿನ ಬಾಲದವರೆಗೆ ಒಂದೇ ಚಿತ್ರದಲ್ಲಿ ಹಿಡಿಯಬೇಕೆಂದು, ಕಣ್ಣನ್ನು ಕ್ಯಾಮೆರಾದಿಂದ ತೆಗೆಯದೆ ಹಿಂದೆ ಹಿಂದೆ ಹೆಜ್ಜೆಯಿಡುತ್ತ ಹೋದ ರಾಯರು ಒಂದು ಹೂವಿನ ಪೊದೆಯೊಳಗೆ ಅಂತರ್ಧಾನರಾದರು. ಪೊದೆಯೊಳಗಿಂದ ಬಂದ ಮೊದಲ ಮಾತು, "ಬಾಲ ಬಂತು ಕಣ್ರೀ!"

ಈಗ ಬೆಂಗಳೂರಿಗೆ ಬರೋಣ. ಈಗ ಎಚ್‌ಎಎಲ್ ಎನಿಸಿಕೊಂಡಿರುವ ಆ ಹಿಂದೂಸ್ಥಾನ್ ಏರ್‌ಕ್ರಾಫ್ಟ್‌ನ ಸಂಗ್ರಹಾಲಯಕ್ಕೆ ರಾಯರೊಡನೆ ಹೋಗುವುದೆಂದರೆ ದಾರಿಯುದ್ದಕ್ಕೂ ಪುರಾಣಶ್ರವಣ. ಬೆಳ್ಳಂದೂರು ಕೆರೆಯ ನೊರೆಯನ್ನು ದೂರದಿಂದ ಕಂಡು ನಾವೆಲ್ಲ ಮೂಗು ಮುಚ್ಚಿಕೊಂಡರೆ, ಅವರು ಕಣ್ಣರಳಿಸಿ, ಯುದ್ಧಕಾಲದಲ್ಲಿ ಅಮೆರಿಕನ್ನರ ಕ್ಯಾಟಲೀನಾ ಎಂಬ ನೀರಿನ ಮೇಲೆ ಇಳಿಯುವ ವಿಮಾನಗಳು ದುರಸ್ತಿಗಾಗಿ ಬಂದು ಇಳಿಯುತ್ತಿದ್ದದ್ದು ಇದೇ ನೀರಿನ ಮೇಲೆ ಎನ್ನುವರು. ವಾಲ್‌ಚಂದ್ ಹೀರಾಚಂದರು 1940ರಲ್ಲಿ ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ ಕಾರ್ಖಾನೆ ತೆರೆದದ್ದೂ, ಡಾ. ಘಾಟಗೆಯವರು ರೂಪಿಸಿದ ಎಚ್‌ಟಿ-2 ಎಂಬ ತರಬೇತಿ ವಿಮಾನ 1951ರಲ್ಲಿ ಹಾರಿದ್ದೂ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಪ್ರಸ್ತಾಪಕ್ಕೆ ಬರುತ್ತವೆ. ಸುರಂಜನ್ ದಾಸ್ ರಸ್ತೆಯಲ್ಲಿ ಮಾತ್ರ ಅವರು ಮೌನಿ. ವಾಹನಗಳ ನಡುವೆ ಸಿಕ್ಕಿಕೊಂಡವರು ದಿನಕ್ಕೆ ಸಾವಿರ ಸಲ ಉಚ್ಚರಿಸುವ ಆ ಹೆಸರು, 1961ರ ಜೂನ್ 17ರಂದು ಮಾರುತ್ ವಿಮಾನವನ್ನು ಮೊಟ್ಟಮೊದಲು ಆಕಾಶಕ್ಕೇರಿಸಿದ ಮತ್ತು 1970ರ ಜನವರಿಯಲ್ಲಿ ಮಾರುತ್ ವಿಮಾನದ ಅಪಘಾತದಲ್ಲಿಯೇ ತೀರಿಕೊಂಡ ಚಾಲಕನದು.

ಆ ಮಾರುತ್ತೇ ರಾಯರ ಇಷ್ಟದೈವ. ಜರ್ಮನಿಯ ಕುರ್ಟ್ ಟಾಂಕ್ ಎಂಬ ಮಹಾಶಿಲ್ಪಿ ಬೆಂಗಳೂರಿಗೆ ಬಂದು ನೆಲೆಸಿ, ನಮ್ಮ ಎಂಜಿನಿಯರುಗಳೊಡನೆ ಕೂಡಿ ಸೃಷ್ಟಿಸಿದ ಆ ವಿಮಾನದ ಮೈಕಟ್ಟು ಶಬ್ದದ ಇಮ್ಮಡಿ ವೇಗವನ್ನು ಗುರಿಯಾಗಿಟ್ಟುಕೊಂಡದ್ದು. ತಕ್ಕ ಎಂಜಿನ್ನು ಮಾತ್ರ ಎಲ್ಲಿಯೂ ದೊರೆಯದೆ, ಆರ್ಫಿಯಸ್ ಎಂಬ ಸಾಧಾರಣ ಎಂಜಿನ್ನುಗಳೆರಡನ್ನು ಹೊತ್ತುಕೊಂಡೇ ಅದು 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ದುಡಿಯಿತು. ಒಟ್ಟು 147 ಮಾರುತ್‌ಗಳು ಬೆಂಗಳೂರಿನಲ್ಲಿ ತಯಾರಾದವು. "ಎಂಜಿನ್ನೊಂದು ಸಿಕ್ಕಿಬಿಟ್ಟಿದ್ದರೆ!" ಎಂದು ರಾಯರು ನಿಟ್ಟುಸಿರುಬಿಡುವಾಗ, ಫೀಸಿಗೆ ಹಣವಿಲ್ಲದೆ ಓದು ನಿಲ್ಲಿಸಿದ ಜಾಣ ಮಗನ ತಂದೆಯ ಧ್ವನಿಯೇ ಅದು.

ಒಂದು ದಿನ ಬೆಳಿಗ್ಗೆ ಹತ್ತು ಗಂಟೆಯಿಂದ ಎಚ್‌ಎಎಲ್ ಸಂಗ್ರಹಾಲಯದ ಮಾರುತನೆದುರು ಮಂಡಿಯೂರಿದ್ದೆವು. ಮೊದಲು ಸೀಟಿಯೂದುವ ಮೇಷ್ಟ್ರೊಬ್ಬರ ಹಿಂದೆ ಎರಡು ಸಾಲು ಶಾಲೆಯ ಮಕ್ಕಳು ಹಾದರು. ಅನಂತರ ನವದಂಪತಿಗಳಿಬ್ಬರು ವಿಮಾನದ ಮೂತಿಗೆ ಒರಗಿದಂತೆ ಭಾವಿಸಿಕೊಂಡು ಇಪ್ಪತ್ತು ಬಗೆಯಲ್ಲಿ ತಮ್ಮ ಮುಖಗಳನ್ನು ತಾವೇ ತೆಗೆದುಕೊಂಡರು. "ಮುಟ್ಟಬೇಡಿ, ಫಲಕ ನೋಡಿ" ಎಂದು ರಾಯರು ಕಾವಲುಗಾರನಿಗೂ ಮಿಗಿಲಾಗಿ ಕೂಗುತ್ತಿದ್ದರು. ನಾನು "ಸ್ವಲ್ಪ ಪಕ್ಕಕ್ಕೆ ಬರ್ತೀರಾ, ದಯವಿಟ್ಟು" ಎಂಬ ಮಂತ್ರವನ್ನು ಮೂರು ಭಾಷೆಗಳಲ್ಲಿ ಜಪಿಸುತ್ತಿದ್ದೆ. ಬಾಲದ ತುದಿಯಲ್ಲಿ ಕುಳಿತ ಕಾಗೆಯೊಂದಕ್ಕೆ ಆ ಮೂರೂ ಭಾಷೆಗಳು ಬರುತ್ತಿರಲಿಲ್ಲ. ಅದೂ ಹಾರಿತು. ಮೋಡ ಸರಿಯಿತು, ಬೆಳಕು ಹದವಾಯಿತು, ಆವರಣ ನಿರ್ಜನವಾಯಿತು. ರಾಯರ ತೋರುಬೆರಳು ಇನ್ನೇನು ಒತ್ತಬೇಕು, ಆಗ ಮೊಮ್ಮಗನ ಕೈಹಿಡಿದ ಹಳ್ಳಿಯ ವೃದ್ಧೆಯೊಬ್ಬರು ನೇರವಾಗಿ ಬಂದು ವಿಮಾನದ ಮುಂದೆ ನಿಂತರು.

"ಇದ್ಯಾವ್ದಪ್ಪಾ?" ಎಂದು ಆಕೆ ಕೇಳಿದ್ದು ರಾಯರನ್ನೇ. ಕೇಳಿದವರಿಗೆ ಹೇಳದಿರುವುದು ರಾಯರ ಧರ್ಮವಲ್ಲ. "ಮಾರುತ್, ಅಮ್ಮಾ" ಎಂದರು.

"ಮಾರುತೀನಾ! ಹಂಗಾರೆ ನಮ್ಮ ಆಂಜಪ್ಪ!"

ಆಕೆ ಕೈಮುಗಿದು, ಕಣ್ಣುಮುಚ್ಚಿ, ತುರುಬಿನಲ್ಲಿದ್ದ ಕನಕಾಂಬರದ ತುಂಡನ್ನು ಬಿಡಿಸಿಕೊಂಡು, ಹಗ್ಗದ ಕೆಳಗೆ ನುಸುಳಿ ಮುಂಚಕ್ರದ ಮೇಲಿಟ್ಟರು. "ಮುಟ್ಬಾರ್ದು ಅಂತ ಬರ್ದವ್ರೆ ಅಜ್ಜಿ" ಎಂದು ಹುಡುಗ ಎಳೆದದ್ದಕ್ಕೆ, "ನಾನೆಲ್ಲಿ ಮುಟ್ಟಿದ್ನಲಾ, ಹೂವ ಮಡಗ್ದೆ" ಎಂದು ಹೇಳಿ, ನಮಗೂ ಒಳ್ಳೆಯದಾಗಲೆಂದು ಹರಸಿ ಹೊರಟರು.

ಚೌಕಟ್ಟಿನಲ್ಲಿ ಈಗ ನರಪ್ರಾಣಿಯಿಲ್ಲ. ಆದರೆ ಬೂದುಬಣ್ಣದ ಯುದ್ಧವಿಮಾನದ ಕರಿಯ ಚಕ್ರದ ಮೇಲೆ ಕೆಂಡದಂತೆ ಹೊಳೆಯುವ ಕನಕಾಂಬರವಿದೆ. ರಾಯರ ಸಂಕಟ ಶತ್ರುವಿಗೂ ಬೇಡ. ವಾಯುಪಡೆಯ ಯಾವ ಸ್ಕ್ವಾಡ್ರನ್ನಿನಲ್ಲಿಯೂ ಮಾರುತ್ ಹೂ ಮುಡಿದಿರಲಿಲ್ಲ. ಹೋಗಿ ತೆಗೆಯೋಣವೆಂದರೆ ಬೆಳಗಿನಿಂದ ಮುಟ್ಟಬೇಡಿ ಎಂದು ಲೋಕಕ್ಕೆಲ್ಲ ಉಪದೇಶಿಸಿದ ನಾಲಗೆ ಇನ್ನೂ ಆರಿಲ್ಲ. ಹಗ್ಗದವರೆಗೆ ಎರಡು ಸಲ ಹೋಗಿ ಎರಡು ಸಲವೂ ಹಿಂದಿರುಗಿದರು. ಕೊನೆಗೆ ಕಾವಲುಗಾರನನ್ನು ಬೇಡಿಕೊಂಡೆವು. ಅವನು ಹೂವನ್ನು ನೋಡಿದ, ವಿಮಾನವನ್ನು ನೋಡಿದ, ರಾಯರನ್ನು ನೋಡಿದ. "ಏರ್ಸಿದ್ ಹೂವು ಸಾರ್, ನಾನ್ ಹೆಂಗ್ ತೆಗೀಲಿ? ಸಾಯಂಕಾಲ ಗುಡಿಸೋರು ಬರ್ತಾರೆ" ಎಂದು ವಿನಯದಿಂದ ಸರಿದುಹೋದ. ರಾಯರು ಹೂವಿನೊಡನೆಯೇ ಒಂದು ಚಿತ್ರ ತೆಗೆದು, ಖಾತೆಯಲ್ಲಿ ಅದರ ಮುಂದೆ "ಆಕ್ಷೇಪಣೆಗೊಳಪಟ್ಟಿದೆ" ಎಂದು ಬರೆದುಕೊಂಡರು.

ಮ್ಯೂನಿಕ್ಕಿನಲ್ಲಿರುವ ಮಗನಿಗೆ ಗಂಡುಮಗುವಾದಾಗ ರಾಯರು ಕಿವಿನೋವನ್ನು ಸಹಿಸಿ, ದಾರಿಯುದ್ದಕ್ಕೂ ಕಣ್ಣುಮುಚ್ಚಿಕೊಂಡು, ಜರ್ಮನಿಗೆ ಹಾರಿದರು. ನಾವೆಲ್ಲ ಅದನ್ನು ವಾತ್ಸಲ್ಯವೆಂದೇ ತಿಳಿದೆವು. ಆದರೆ ಆ ಊರಿನ ಉತ್ತರಕ್ಕಿರುವ ಶ್ಲೈಸ್‌ಹೈಮಿನ ವಿಮಾನ ಸಂಗ್ರಹಾಲಯದಲ್ಲಿ, ಟಾಂಕರ ಕೈಕೆಲಸದ ನೆನಪಿಗೆ, ನಮ್ಮ ಬೆಂಗಳೂರಿನ ಮಾರುತ್ ಒಂದನ್ನು ಇಟ್ಟಿದ್ದಾರೆ. ಹಿಂದಿರುಗಿದ ಮೇಲೆ ಮಗುವಿನ ಚಿತ್ರ ತೋರಿಸಿರೆಂದರೆ, ನೂರಾರು ಮಾರುತ್‌ಗಳ ನಡುವೆ ಹುಡುಕಿ ಹುಡುಕಿ ಒಂದನ್ನು ತೋರಿಸಿದರು. ಅದರಲ್ಲಿ ಮಗುವು ಪಕ್ಕದಿಂದ, ಮೂಗು ಎಡಕ್ಕಿರುವಂತೆ, ನಿರ್ಜನವಾದ ಹಿನ್ನೆಲೆಯಲ್ಲಿ ಮಲಗಿತ್ತು. ಮಾರುತನಾದರೂ ಚೆನ್ನಾಗಿ ಬಂತೇ ಎಂದರೆ ರಾಯರ ಮುಖ ಬಾಡಿತು. "ಜನರೇನೋ ಇರಲಿಲ್ಲ ಸ್ವಾಮಿ. ಹಜಾರದೊಳಗೆ ಒತ್ತೊತ್ತಾಗಿ ನಿಲ್ಲಿಸಿಬಿಟ್ಟಿದ್ದಾರೆ. ಎಲ್ಲಿ ಕೂತರೂ ಬೇರೆ ವಿಮಾನದ ರೆಕ್ಕೆ ಅಡ್ಡ!"

ಹೀಗಾಗಿ ಆ ಒಂದು ಚಿತ್ರ ಇನ್ನೂ ಬಾಕಿಯಿದೆ, ಮತ್ತು ಮಳೆಯಿಲ್ಲದ ದಿನಗಳಲ್ಲಿ ನಾವು ಈಗಲೂ ಎಚ್‌ಎಎಲ್‌ಗೆ ಹೋಗುತ್ತಲೇ ಇದ್ದೇವೆ. ಓದುಗರಲ್ಲಿ ಯಾರಾದರೂ ಆ ಕಡೆ ಬಂದು, ಚಾಪೆಯ ತುಂಡಿನ ಮೇಲೆ ಮಂಡಿಯೂರಿದ ಹಿರಿಯರೊಬ್ಬರನ್ನೂ, ಅವರ ಪಕ್ಕದಲ್ಲಿ ಟ್ರೈಪಾಡ್ ಹಿಡಿದು ಕ್ಷಮೆ ಕೇಳುವ ಭಂಗಿಯಲ್ಲಿ ನಿಂತ ಇನ್ನೊಬ್ಬನನ್ನೂ ಕಂಡರೆ, ದಯಮಾಡಿ ಅವರ ಹಿಂದಿನಿಂದ ಬಳಸಿಕೊಂಡು ಹೋಗಿ. ಕೈಯಲ್ಲಿ ಹೂವಿದ್ದರೆ ಅದು ಕೈಯಲ್ಲಿಯೇ ಇರಲಿ.