ಶ್ರೀಯುತ ಸ್ವಾಪ್ ಅವರಿಗೆ ತಾಳವಾಡಿಯ ಬಿನ್ನವತ್ತಳೆ

ವೇದಿಕೆ ಮೇಲಿರುವ ಗಣ್ಯರೇ, ವೇದಿಕೆ ಮೇಲೆ ಕುರ್ಚಿ ಸಿಗದೆ ಮುನಿಸಿಕೊಂಡು ಮುಂದಿನ ಸಾಲಿನಲ್ಲಿ ಕೂತಿರುವ ಗಣ್ಯರೇ, ದಿಂಬಂ ಘಾಟಿಯ 27 ತಿರುವು ಹತ್ತಿ ಬಂದು ಇನ್ನೂ ತಲೆಸುತ್ತು ಇಳಿಯದ ಈರೋಡಿನ ಅತಿಥಿಗಳೇ, ಚಾಮರಾಜನಗರದ ಕಡೆಯಿಂದ ಸಲೀಸಾಗಿ ಬಂದಿಳಿದ ಬಂಧುಗಳೇ,

ನನಗೆ ಮಾತಾಡಲು ಎರಡೇ ನಿಮಿಷ ಕೊಟ್ಟಿದ್ದಾರೆ. ಒಂದು ಈಗಾಗಲೇ ಸಂಬೋಧನೆಗೇ ಹೋಯಿತು.

ಮಾನ್ಯ ಸ್ವಾಪ್ ಅವರೇ, ತಾವು ದೊಡ್ಡ ಮನೆತನದವರು. 1962ರಲ್ಲಿ ಮ್ಯಾಂಚೆಸ್ಟರಿನ ಅಟ್ಲಾಸ್ ಕಂಪ್ಯೂಟರ್ ತಿರುಗುವ ಡ್ರಮ್ಮನ್ನೂ ಮೆಮೊರಿಯ ಲೆಕ್ಕಕ್ಕೆ ಸೇರಿಸಿಕೊಂಡಿತಲ್ಲ, ತಮ್ಮ ಮೂಲಪುರುಷ ಅದೇ. ನಮ್ಮ ಗಾಜನೂರಿನ ಅಣ್ಣಾವ್ರು ‘ಬಬ್ರುವಾಹನ’ದಲ್ಲಿ ಅಪ್ಪನೂ ಆದರು, ಮಗನೂ ಆದರು. ತಾವು ಡಿಸ್ಕ್ ಆಗಿದ್ದುಕೊಂಡೇ ರ‍್ಯಾಮ್ ವೇಷ ಕಟ್ಟುತ್ತೀರಿ. ಅಣ್ಣಾವ್ರಿಗೆ ಎರಡು ಪಾತ್ರವೂ ಒಪ್ಪುತ್ತಿತ್ತು, ಅಷ್ಟೇ ವ್ಯತ್ಯಾಸ. ತಪ್ಪು ತಿಳಿಯಬೇಡಿ.

ತಮ್ಮ ಸಾಧನೆ ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ಕಪ್ಪು ಪರದೆಯಲ್ಲಿ ‘ಫ್ರೀ ಮೈನಸ್ ಎಚ್’ ಎಂದು ಒತ್ತಿದರೆ ಕೊನೆಯ ಸಾಲಿನಲ್ಲಿ ತಾವು ಹಾಜರ್: ಒಟ್ಟೆಷ್ಟು, ಬಳಸಿದ್ದೆಷ್ಟು, ಉಳಿದದ್ದೆಷ್ಟು. ‘ಸ್ವಾಪ್‌ಆನ್ ಶೋ’ ಎಂದರೆ ತಮ್ಮ ಬಿಡಾರ ಪಾರ್ಟಿಷನ್ನಿನಲ್ಲೋ ಫೈಲಿನಲ್ಲೋ ಎಂಬುದೂ ಬಯಲು. ಏನೂ ಮೂಡದೆ ಪ್ರಾಂಪ್ಟ್ ಬರಿಗೈಲಿ ವಾಪಸ್ ಬಂತೋ, ಆ ಸರ್ವರಿನಲ್ಲಿ ತಾವು ಇಲ್ಲವೇ ಇಲ್ಲ.

ನಮ್ಮ ಕಚೇರಿಯ ಹುಡುಗರಿಗೆ ಇಷ್ಟೇ ಸಾಕು. ‘ಯೂಸ್ಡ್’ ಕಾಲಮ್ಮಿನಲ್ಲಿ ಒಂದು ಜಿಬಿ ಕಂಡರೆ ಬೊಬ್ಬೆ ಹಾಕಿ, ಸರ್ವರ್ ರೀಬೂಟ್ ಮಾಡುತ್ತಾರೆ. ಇದು ತಮಗೆ ಎಸಗುವ ಅಪಚಾರ. ಯಾರೂ ಮುಟ್ಟದ ಪುಟಗಳನ್ನು ಕರ್ನಲ್ ಎಂದೋ ತಮ್ಮ ವಶಕ್ಕೆ ಕೊಟ್ಟಿರುತ್ತದೆ; ಅವು ಅಲ್ಲೇ ಬಿದ್ದಿದ್ದರೆ ಯಾರ ಗಂಟೂ ಹೋಗುವುದಿಲ್ಲ. ನೋಡಬೇಕಾದದ್ದು ಓಡಾಟವನ್ನು. ‘ವಿಎಂಸ್ಟ್ಯಾಟ್ 1’ ಎಂದು ಕೊಟ್ಟು, ಸೆಕೆಂಡಿಗೊಂದು ಸಾಲು ಇಳಿಯುವಾಗ ಎಸ್‌ಐ, ಎಸ್‌ಒ ಎಂಬ ಎರಡು ಕಾಲಮ್ಮಿನ ಮೇಲೆ ಕಣ್ಣಿಡಿ. ಮೊದಲ ಸಾಲು ಬೂಟ್ ಆದಾಗಿನಿಂದ ಇಲ್ಲಿಯವರೆಗಿನ ಸರಾಸರಿ, ಅದನ್ನು ಬಿಡಿ. ಮುಂದೆ ಸೊನ್ನೆ, ಸೊನ್ನೆ ಎಂದೇ ಬರುತ್ತಿದ್ದರೆ ಹೋಗಿ ಟೀ ಕುಡಿಯಿರಿ. ಎರಡೂ ಕಡೆ ಸಾವಿರಗಟ್ಟಲೆ ಅಂಕಿ ನಿಲ್ಲದೆ ಸುರಿಯುತ್ತಿದ್ದರೆ, ದಿಂಬಂ ತಿರುವಿನಲ್ಲಿ ಕಬ್ಬಿನ ಲಾರಿ ಮಗುಚಿತೆಂದೇ ತಿಳಿಯಿರಿ: ಮೇಲಿನವರು ಮೇಲೆ, ಕೆಳಗಿನವರು ಕೆಳಗೆ, ಎಲ್ಲರ ಇಂಜಿನ್ನೂ ಚಾಲೂ, ಮುಂದಕ್ಕೆ ಹೋದವರು ಒಬ್ಬರೂ ಇಲ್ಲ.

ಇಂಥ ಹೊತ್ತಿನಲ್ಲಿ ‘ಸ್ವಾಪಿನೆಸ್ 60 ಇದೆ, 10ಕ್ಕೆ ಇಳಿಸಿ’ ಎನ್ನುವ ಪಂಡಿತರೊಬ್ಬರು ಎದ್ದೇ ಏಳುತ್ತಾರೆ. ಕೂತ್ಕೊಳ್ಳಿ ಸ್ವಾಮಿ. ರ‍್ಯಾಮೇ ಸಾಲದ ಕಡೆ ಅದೇನು ಮಾಡೀತು? ಸ್ವಾಪೂ ತುಂಬಿ ತುಳುಕಿದ ಮೇಲೆ ಓಓಎಂ ಕಿಲ್ಲರ್ ಬರುತ್ತದೆ. ಬಂದು, ಹೆಚ್ಚಾಗಿ ಎಲ್ಲರಿಗಿಂತ ದಪ್ಪಗಿರುವ ಪ್ರೋಸೆಸ್ಸಿನ ಕತ್ತಿಗೇ ಕೈ ಹಾಕುತ್ತದೆ. ನಮ್ಮಲ್ಲಿ ದಪ್ಪಗಿರುವುದು ಡೇಟಾಬೇಸ್.

ಸ್ವಾಪ್ ಅವರೇ, ಆ ಗಳಿಗೆಯನ್ನು ಇಷ್ಟು ವರ್ಷ ಮುಂದೂಡುತ್ತ ಬಂದಿದ್ದೀರಿ. ಅದಕ್ಕೇ ಈ ಶಾಲು, ಈ ಹಾರ, ಈ ಹಣ್ಣಿನ ಬುಟ್ಟಿ. ಇವುಗಳ ಬಿಲ್ಲು ಸಮಿತಿಯ ಒಂದೇ ಸಭೆಯಲ್ಲಿ ಪಾಸಾಯಿತು. ಅದೇ ಫೈಲಿನ ಅಡಿಯಲ್ಲಿ ಹೊಸ ರ‍್ಯಾಮಿನ ಇಂಡೆಂಟ್ ಬಹಳ ಕಾಲದಿಂದ ಬಿದ್ದಿದೆ. ಅಧ್ಯಕ್ಷರು ಊಟಕ್ಕೆ ಏಳುವ ಮೊದಲು ಅದಕ್ಕೂ ಒಂದು ಸಹಿ ಹಾಕಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.